ತೆರೆಯಲೊಲ್ಲದ ನಂಬರ್ ಬೀಗದವರಿಗೆ ಒಬ್ಬ ದರ್ಜಿಯ ದೂರು

ಮಾನ್ಯ ಮೂರಂಕಿ ಬೀಗ ಮಹಾಶಯರೇ,

ತಮ್ಮ ಹಿತ್ತಾಳೆ ಮೈಗೆ ಕಿಲುಬು ತಗುಲದೆ, ಮೂರೂ ಚಕ್ರಗಳು ಸುಖವಾಗಿ ತಿರುಗುತ್ತಿವೆಯೆಂದು ನಂಬಿ, ಅನೇಕ ವಂದನೆಗಳೊಂದಿಗೆ ಈ ದೂರನ್ನು ಊರಿಗೆಲ್ಲ ಕಾಣುವಂತೆ ಬರೆಯುತ್ತಿದ್ದೇನೆ. ಗುಟ್ಟಾಗಿ ಬರೆಯಬಹುದಿತ್ತು; ಆದರೆ ತಮ್ಮ ವಶಕ್ಕೆ ಹೋದದ್ದು ಹೊರಗೆ ಬರುವುದಿಲ್ಲವೆಂಬುದು ನನ್ನ ಅನುಭವ.

ನಾನು ಮಹಡಿ ಮೆಟ್ಟಿಲ ಕೆಳಗಿನ ಅಂಗಡಿಯಲ್ಲಿ ಮೂವತ್ತೊಂದು ವರ್ಷದಿಂದ ಬಟ್ಟೆ ಹೊಲಿಯುತ್ತಿರುವವಳು. ಪರದೇಶದ ವಸ್ತುಸಂಗ್ರಹಾಲಯವೊಂದರಲ್ಲಿ ನಾನೂರು ವರ್ಷ ಹಳೆಯ ಕೋಟನ್ನು ಒಳಮೈ ಹೊರಗೆ ಮಾಡಿ ಪ್ರದರ್ಶನಕ್ಕಿಡುತ್ತಾರೆಂದು ಓದಿದ ದಿನದಿಂದ, ಆ ಹೊಲಿಗೆಯನ್ನು ಕಣ್ಣಾರೆ ನೋಡಲೇಬೇಕೆಂಬ ಹಟ ಹಿಡಿದು, ಐವತ್ತಾರನೇ ವಯಸ್ಸಿನಲ್ಲಿ ಮೊದಲ ಸಲ, ಒಬ್ಬಳೇ, ವಿಮಾನ ಹತ್ತುತ್ತೇನೆಂದು ಮನೆಯಲ್ಲಿ ಹೇಳಿದೆ. ಮನೆಯಲ್ಲಿ ಎಂದರೆ ಅಕ್ಕನಿಗೆ.

ಅಕ್ಕ ತಮಗೆ ಗೊತ್ತು, ಓದುಗರಿಗೆ ಗೊತ್ತಿಲ್ಲ. ಇಪ್ಪತ್ತೆಂಟು ವರ್ಷ ಬ್ಯಾಂಕಿನ ಲಾಕರ್ ಕೋಣೆಯನ್ನು ನೋಡಿಕೊಂಡು ನಿವೃತ್ತಳಾದ ಆಕೆಯ ಪ್ರಕಾರ ಲೋಕದಲ್ಲಿ ಎರಡೇ ಬಗೆಯ ಜನ: ಕಳ್ಳರು, ಮತ್ತು ಇನ್ನೂ ಸಿಕ್ಕಿಬೀಳದವರು. ಪಾಸ್‌ಪೋರ್ಟಿಗೆಂದು ನಾನು ಮುತುವರ್ಜಿಯಿಂದ ಹೊಲಿದುಕೊಂಡಿದ್ದ ನಡುಚೀಲವನ್ನು ಎಳೆದು ನೋಡಿ, ಬ್ಲೇಡು ಹಾಕಿದರೆ ಮುಗೀತು ಎಂದು ತೀರ್ಪು ಕೊಟ್ಟು, ಪೇಟೆಗೆ ಹೋಗಿ ತಮ್ಮನ್ನು ಕರೆತಂದಳು. ಹೊರಡುವ ದಿನ ನಾನು ಸ್ನಾನಕ್ಕೆ ಹೋಗಿದ್ದಾಗ, ಆ ಚೀಲವನ್ನು ಪಾಸ್‌ಪೋರ್ಟಿನ ಸಮೇತ ಸೂಟ್‌ಕೇಸಿಗೆ ಹಾಕಿ, ಜಿಪ್ಪಿನ ಎರಡೂ ರನ್ನರುಗಳನ್ನು ಸೇರಿಸಿ ತಮ್ಮನ್ನು ಸಿಕ್ಕಿಸಿ, ತನಗೆ ತೋಚಿದ ನಂಬರಿಟ್ಟು ಚಕ್ರ ತಿರುಗಿಸಿಬಿಟ್ಟಳು. ಬರೆದಿಟ್ಟರೆ ಯಾರಾದರೂ ಓದುತ್ತಾರೆಂದು ಬರೆಯಲಿಲ್ಲ. ಟ್ಯಾಕ್ಸಿಯವನು ಬಾಗಿಲಲ್ಲೇ ನಿಂತು ಕೇಳಿಸಿಕೊಂಡಾನೆಂದು ನಂಬರನ್ನು ನನಗೆ ಹೇಳಲೂ ಇಲ್ಲ. ಎಲ್ಲಾ ಭದ್ರವಾಗಿದೆ, ತಲುಪಿದ ಮೇಲೆ ಫೋನ್ ಮಾಡು ಅಂದಳು.

ಹಾಗೆ ವಿಮಾನ ನಿಲ್ದಾಣದ ಕೌಂಟರಿನೆದುರು, ಮುಚ್ಚಲು ಇಪ್ಪತ್ತೈದು ನಿಮಿಷವಿದ್ದಾಗ, ತಾವೂ ನಾನೂ ಮುಖಾಮುಖಿಯಾದೆವು. ಫೋನ್ ಮಾಡಿದರೆ ಅಕ್ಕ, "ಫೋನಲ್ಲೆಲ್ಲ ನಂಬರ್ ಹೇಳ್ತಾರೇನೇ?" ಎಂದು ಗದರಿದಳು. ಕಾಲು ಹಿಡಿದ ಮೇಲೆ ಅಪ್ಪನ ಸೈಕಲ್ಲಿನ ನಂಬರು ಅಂದಳು. ತಾವು ಜಪ್ಪಯ್ಯ ಅನ್ನಲಿಲ್ಲ. ಹಳೇ ಮನೆ ನಂಬರು ಅಂದಳು. ತಾವು ಅಲ್ಲಾಡಲಿಲ್ಲ. ಕೊನೆಗೆ, "ನನಗೆ ನೆನಪಾಗ್ತಿಲ್ಲ ಕಣೇ," ಅಂದಳು. ನಾನೂರು ಲಾಕರುಗಳಲ್ಲಿ ಯಾವುದು ಯಾರದೆಂದು ಪುಸ್ತಕ ನೋಡದೆ ಹೇಳುತ್ತಿದ್ದವಳ ಬಾಯಲ್ಲಿ ಆ ಮಾತನ್ನೂ, ಅಷ್ಟು ಸಣ್ಣ ದನಿಯನ್ನೂ ನಾನು ಯಾವತ್ತೂ ಕೇಳಿರಲಿಲ್ಲ.

ಮಾನ್ಯರೇ, ತಮ್ಮ ನಿಷ್ಠೆಯನ್ನು ಎಷ್ಟು ಹೊಗಳಿದರೂ ಸಾಲದು. ಆದರೆ ತಾವು ಕಾಯುತ್ತಿದ್ದುದು ಜಿಪ್ಪನ್ನು. ಜಿಪ್ಪೆಂದರೆ ನನಗೆ ಕೂಳು ಹಾಕಿದ ವಿದ್ಯೆ. ಅರ್ಜಿ ತುಂಬುವವರಿಗೆಂದು ದಾರ ಕಟ್ಟಿಟ್ಟಿದ್ದ ಬಾಲ್‌ಪೆನ್ನನ್ನು ಎಳೆದುಕೊಂಡು, ಅದರ ತುದಿಯನ್ನು ಜಿಪ್ಪಿನ ಹಲ್ಲುಗಳ ನಡುವೆ ಒತ್ತಿದೆ. ತಮ್ಮ ಕೂದಲೂ ಕೊಂಕದಂತೆ ಸೂಟ್‌ಕೇಸು ಬಾಯಿಬಿಟ್ಟಿತು. ಓಡಿಬಂದ ಕಾವಲಿನವರು ಪಾಸ್‌ಪೋರ್ಟಿನ ಫೋಟೋ ನೋಡಿ, ನನ್ನನ್ನು ನೋಡಿ, ಗಂಭೀರವಾಗಿ ಬಿಗಿದುಕೊಂಡಿದ್ದ ತಮ್ಮನ್ನೂ ನೋಡಿ, "ಇನ್ನೊಂದು ಸಲ ಮಾಡಿ ತೋರಿಸ್ತೀರಾ ಅಮ್ಮಾ?" ಅಂದರು. ನಾನು ರನ್ನರುಗಳನ್ನು ಜೋಡಿಯಾಗಿಯೇ ಒಂದು ಸುತ್ತು ಎಳೆದೆ. ಹಲ್ಲುಗಳು ಮತ್ತೆ ಕೂಡಿಕೊಂಡವು. ಅಕ್ಕನಿಗೆ ಫೋನ್ ಮಾಡಿ, ಬೀಗ ತೆರೀತು, ಹಳೇ ಮನೆ ನಂಬರೇ ಸರಿ, ನಾನೇ ಗಡಿಬಿಡಿಯಲ್ಲಿ ತಪ್ಪು ತಿರುಗಿಸಿದ್ದೆ ಎಂದು ಹೇಳಿ ಓಡಿದೆ.

ಕೋಟನ್ನು ನೋಡಿದೆ. ಆ ಕಾಲದ ಮಹಾ ದರ್ಜಿಗೂ ಭುಜದ ಹತ್ತಿರ ಬಟ್ಟೆ ಸಾಲದೆ ಬಂದಿತ್ತು. ಯಾರಿಗೂ ಕಾಣದಂತೆ ಬೆರಳಗಲದ ತುಂಡೊಂದನ್ನು ಕೂಡಿಸಿದ್ದ. ಅದರ ಮುಂದೆ ಎರಡು ಗಂಟೆ ನಿಂತೆ.

ಒಂಬತ್ತು ದಿನದ ಮೇಲೆ ಮನೆಗೆ ಬಂದರೆ ಅಕ್ಕ ನೀರು ಕೂಡ ಕೊಡದೆ, ನಂಬರ್ ಎಷ್ಟು ಹೇಳು ನೋಡೋಣ ಅಂದಳು. ನಾನು ಹಳೇ ಮನೆ ನಂಬರನ್ನೇ ಹೇಳಿದೆ. "ತಪ್ಪು ನಂದೇ ಅಂತ ನೀನು ಒಪ್ಪಿಕೊಂಡಾಗಲೇ, ಸುಳ್ಳು ಹೇಳ್ತಿದ್ದೀಯ ಅಂತ ಆವತ್ತೇ ಗೊತ್ತಾಯ್ತು. ಮೂರು ರಾತ್ರಿ ಕಣ್ಣು ಮುಚ್ಚಿಲ್ಲ ನಾನು," ಎಂದು ಬಯ್ಯತೊಡಗಿದವಳು, ಪೆನ್ನಿನ ಕಥೆ ಕೇಳುತ್ತ ಕೇಳುತ್ತ ನಗು ತಡೆಯಲಾರದೆ ಸೂಟ್‌ಕೇಸಿನ ಮೇಲೆಯೇ ಕೂತುಬಿಟ್ಟಳು.

ಆದಕಾರಣ ತಮ್ಮಲ್ಲಿ ವಿನಂತಿ: ಇನ್ನು ಮುಂದೆ ತಾವು ಒಡತಿಯನ್ನು ಮುಖ ನೋಡಿ ಗುರುತಿಸುವುದನ್ನು ಕಲಿಯಬೇಕು, ಅರವತ್ತು ದಾಟಿದವರು ನಂಬರನ್ನು ಹೆಚ್ಚುಕಡಿಮೆ ಸರಿಯಾಗಿ ಹೇಳಿದರೆ ಒಪ್ಪಿಕೊಳ್ಳಬೇಕು, ಮತ್ತು ಅಕ್ಕ ಆ ಬೆಳಿಗ್ಗೆ ಇಟ್ಟ ನಂಬರು ಯಾವುದೆಂದು, ಅವಳ ಸಮಾಧಾನಕ್ಕಾದರೂ, ಒಂದು ಸಲ ಬಾಯಿಬಿಡಬೇಕು.

ತಾವು ನಂಬದಿದ್ದರೂ ಎಂದೆಂದಿಗೂ ತಮ್ಮ ವಿಶ್ವಾಸಿ,
ಮೆಟ್ಟಿಲ ಕೆಳಗಿನ ದರ್ಜಿ

ವಿ.ಸೂ.: ಮುಂದಿನ ತಿಂಗಳು ಅಕ್ಕನೂ ಒಬ್ಬಳೇ ಸಮುದ್ರ ನೋಡಲು ಹೊರಟಿದ್ದಾಳೆ. ತಮ್ಮನ್ನು ಕರೆದೊಯ್ಯುವುದಿಲ್ಲವಂತೆ, ಬೇಸರ ಮಾಡಿಕೊಳ್ಳಬಾರದು. ಬಟ್ಟೆಯ ಚೀಲಕ್ಕೆ ಒಂದು ದೊಡ್ಡ ಗುಂಡಿ ಹೊಲಿದುಕೊಡು ಎಂದಿದ್ದಾಳೆ. ಗುಂಡಿಗೆ ತಮ್ಮಷ್ಟು ವಿದ್ಯೆಯಿಲ್ಲ, ನಿಜ. ಆದರೆ ಬಿಚ್ಚಿದರೆ ಬಿಚ್ಚಿಕೊಳ್ಳುತ್ತದೆ.