ಎರವಲು ಉಳಿ

ಬೆಳಿಗ್ಗೆ ಆರಕ್ಕೆ ಕಟ್ಟಡದ ಯಜಮಾನ, ಮೆಟ್ಟಿಲ ಕೆಳಗಿದ್ದ ಚಪ್ಪಲಿ ರಿಪೇರಿ ಅಂಗಡಿಗೆ ತನ್ನ ಬೀಗ ಜಡಿದ. ಸಂಜೆ ಐದಕ್ಕೆ ಗೋಡೆ ಕಟ್ಟಿ ಮುಚ್ಚಲಾಗುವುದು ಎಂದು ಚೀಟಿ ಅಂಟಿಸಿದ.

ಅಂಗಡಿ ಕಚ್ಚಣ್ಣನದು. ಚರ್ಮಕ್ಕೆ ತೂತು ಹಾಕುವ ಉಳಿಯನ್ನು ಹಲ್ಲಲ್ಲಿ ಕಚ್ಚಿಕೊಂಡೇ ಹರಟುವವನಿಗೆ ಬೀದಿ ಇಟ್ಟ ಹೆಸರು ಅದು. ಸಲಕರಣೆಯೆಲ್ಲ ಒಳಗೇ. ಬೀಗ ಒಡೆದರೆ ಕಳ್ಳ. ಸುಮ್ಮನಿದ್ದರೆ ನಾಳೆಯಿಂದ ಬರಿಗೈ. ಬೀಗ ರಿಪೇರಿಯವನ ಬಳಿ ಓಡಿದ.

ಆ ಬೀದಿಯ ಬಡವರಲ್ಲಿ ದುಡ್ಡಿನ ಮಾತಿಲ್ಲ, ಕೆಲಸಕ್ಕೆ ಕೆಲಸ.

“ಸದ್ದಿಲ್ದೆ ತೆಗೀತೀನಿ. ಮೊದ್ಲು ನನ್ನ ಚಪ್ಪಲಿ ಉಂಗುಷ್ಟ ಹೊಲಿ.”

“ಉಳಿ ಒಳಗೇ ಇದೆಯಲ್ಲೋ!”

“ಹಾಗಾದ್ರೆ ಬೀಗಾನೂ ಇದ್ದಲ್ಲೇ ಇರ್ಲಿ.”

ಚೀಲ ಹೊಲಿಯುವ ಅಕ್ಕನ ಹತ್ತಿರ ಒಂದು ಉಳಿಯಿತ್ತು. ಹಿಡಿಕೆ ಒರಟೆಂದು ಹೊಸ ಬಟ್ಟೆ ಸುತ್ತಿದ್ದಳು.

“ಐದರವರೆಗೆ ಕೊಡ್ತೀನಿ ಕಣೋ. ಬದಲಿಗೆ ನಮ್ಮನೆಯವರಿಗೆ ಕಟಿಂಗ್ ಮಾಡ್ಸು. ಪೊರಕೆ ಜೊತೆ ಸಂಸಾರ ಮಾಡ್ದಂಗಿದೆ.”

ಕ್ಷೌರದವನು ಕುರ್ಚಿ ತೋರಿಸಿದ. “ಸೀಟು ಬಾಯಿ ಬಿಟ್ಟಿದೆ. ಮೊದ್ಲು ಹೊಲಿಗೆ, ಆಮೇಲೆ ಕತ್ತರಿ.”

“ಮೊದ್ಲು ಕತ್ತರಿ, ಆಮೇಲೆ ಉಳಿ,” ಎಂದಳು ಅಕ್ಕ.

ಹನ್ನೆರಡಾಯಿತು, ಎರಡಾಯಿತು. ಅಂಗಡಿ ಮುಂದೆ ಇಟ್ಟಿಗೆ ಬಂದು ಇಳಿಯಿತು. ಕಚ್ಚಣ್ಣ ಅಕ್ಕನ ಮನೆಗೂ ಕ್ಷೌರದಂಗಡಿಗೂ ಹೊಲಿಗೆ ಯಂತ್ರದ ಸೂಜಿಯಂತೆ ಓಡಾಡಿದ. ಕೊನೆಗೆ ಒಪ್ಪಂದವಾಯಿತು: ಮೇಲೆ ಕಟಿಂಗ್, ಕೆಳಗೆ ಹೊಲಿಗೆ, ಎರಡೂ ಒಟ್ಟಿಗೆ. ಒಂದು ಕೈಯಲ್ಲಿ ಉಳಿ, ಇನ್ನೊಂದರಲ್ಲಿ ಗಂಡನನ್ನು ಹಿಡಿದುಕೊಂಡು ಅಕ್ಕ ಬಂದಳು.

ಮೂರನೇ ಹೊಲಿಗೆಗೆ ಉಳಿ ಸೀಟು ದಾಟಿತು. ಗಂಡ “ಅಯ್ಯಯ್ಯೋ!” ಎಂದು ಹಾರಿದ. ಕತ್ತರಿಗೆ ಅರ್ಧ ಮೀಸೆ ಹೋಯಿತು.

“ಮೀಸೆಗೆ ಬದಲೇನು?” ಅಕ್ಕ ಸೊಂಟಕ್ಕೆ ಕೈಯಿಟ್ಟಳು.

“ಇಪ್ಪತ್ತು ಚೀಲಕ್ಕೆ ಹಿಡಿ ಹೊಲಿದುಕೊಡ್ತೀನಿ ಅಕ್ಕಾ, ಬಿಟ್ಬಿಡು!” ಕಚ್ಚಣ್ಣ ಉಳಿ ಕಚ್ಚಿಕೊಂಡೇ ಅಂಗಲಾಚಿದ.

“ಕಚ್ಬೇಡ್ವೋ! ಬಟ್ಟೆ ಹರಿಯತ್ತೆ!”

ಬೀಗದವನ ಉಂಗುಷ್ಟವನ್ನೂ ಹೊಲಿದು ಮುಗಿದಾಗ ಐದಕ್ಕೆ ಹತ್ತು ನಿಮಿಷ. ಗಾರೆಯವನು ಸಿಮೆಂಟು ಕಲಸುತ್ತಿದ್ದ. ಬೀಗದವನು ಕೈಯಾಡಿಸಿದ, ಬೀಗ ಟಕ್ಕೆಂದಿತು. ಬಾಗಿಲು ತೆರೆಯಿತು.

ಒಳಗೆ ಒಂದು ಮೊಳೆಯೂ ಇರಲಿಲ್ಲ.

“ಏನ್ ಹುಡುಕ್ತೀಯೋ?” ಹಿಂದಿನಿಂದ ಯಜಮಾನ ನಕ್ಕ. ಹೆಗಲಲ್ಲಿ ಹೊಸ ಚರ್ಮದ ಚೀಲ. “ಬೀಗ ಜಡಿಯೋಕೆ ಮುಂಚೆನೇ ನಿನ್ನ ಸಾಮಾನೆಲ್ಲ ಗೋಣಿಗೆ ತುಂಬಿ ಚೀಲದವಳಿಗೆ ಕೊಟ್ಟೆ, ಬದಲಿಗೆ ಇದನ್ನ ತಗೊಂಡೆ. ನಿಮ್ಮ ಬೀದಿ ಪದ್ಧತಿ ಚೆನ್ನಾಗಿದೆ ಕಣಯ್ಯಾ!”

ಕಚ್ಚಣ್ಣ ಉಳಿಯ ಬಟ್ಟೆ ಬಿಚ್ಚಿದ. ಮರದ ಹಿಡಿಕೆಯ ಮೇಲೆ ಹದಿನೆಂಟು ವರ್ಷದ ಹಲ್ಲಿನ ಗುರುತು. ಅರ್ಧ ಮೀಸೆ, ಇಪ್ಪತ್ತು ಚೀಲ, ಒಂದಿಡೀ ದಿನ ತೆತ್ತು ಅವನು ಎರವಲು ತಂದದ್ದು ತನ್ನದೇ ಉಳಿಯನ್ನು.

ಉಳಿ ವಾಪಸ್ಸು ಒಯ್ಯಲು ಹಿಂದೆಯೇ ಬಂದಿದ್ದ ಅಕ್ಕನ ಮುಖ ಸಪ್ಪಗಾಯಿತು. “ಹಳೇ ಸಾಮಾನು ಅಂದ್ರು ಕಣೋ, ಯಾರದ್ದೂಂತ ಹೇಳ್ಲಿಲ್ಲ. ಆದ್ರೂ ನನ್ನ ಚೀಲ ಹೋಗಿದೆಯಲ್ಲ... ಐದಾಯ್ತು. ಉಳಿ ಕೊಡಪ್ಪ.”

“ಮಾತಂದ್ರೆ ಮಾತು,” ಎಂದ ಯಜಮಾನ. “ಅವಳ ಉಳಿ ಅವಳಿಗೆ ಕೊಟ್ಟು ಆಚೆ ಬಾ. ಗೋಡೆ ಏಳ್ಬೇಕು.”

ಕಚ್ಚಣ್ಣ ಹೊಸ್ತಿಲ ಮೇಲೆ ಚಕ್ಕಳಮಕ್ಕಳ ಹಾಕಿ ಕೂತ. ಉಳಿಯನ್ನು ಬಾಯಿಗಿಟ್ಟುಕೊಂಡ. ಹಲ್ಲುಗಳು ತಂತಮ್ಮ ಗುಳಿಯಲ್ಲಿ ಹೋಗಿ ಕೂತವು.

“ಕೊಡಲ್ಲ,” ಎಂದ, ಹಲ್ಲು ಬಿಡದೆ.