ಹಲಗೆಯ ಮೇಲೆ ಯಾನ್ ಮೇಸ್ತ್ರಿಯ ಹೆಸರು

ಬುಧವಾರ ಬೆಳಿಗ್ಗೆ ಎಂಟಕ್ಕೆ ಐದು ನಿಮಿಷವಿದ್ದಾಗ ಯಾನ್ ಶೌಬೆನ್ ತಾನು ಕೆಲಸ ಮಾಡುವ, ಬಟ್ಟೆಗೆ ಬಣ್ಣ ಹಾಕುವ ಕಾರ್ಖಾನೆಯ ಗೇಟು ದಾಟಿ, ಆಫೀಸಿನ ಮುಂದಿನ ಬಿಳಿ ಹಲಗೆಯನ್ನು ಓದಲು ಎಂದಿನಂತೆ ನಿಂತ. ನೀರು ನಿಲ್ಲುವ ಸಮಯ, ಪಾಳಿ ಬದಲಾವಣೆ, ಮಧ್ಯಾಹ್ನಕ್ಕೆ ಮೀನು. ಅದರ ಕೆಳಗೆ ಅವನದೇ ಹೆಸರು, ಪಕ್ಕದಲ್ಲಿ 'ಶುಕ್ರವಾರ, ಹತ್ತು ಗಂಟೆ'. ಉಳಿದದ್ದೆಲ್ಲ ಕಪ್ಪು. ಅವನ ಹೆಸರು ಮಾತ್ರ ಕೆಂಪು.

ಚೀನಾದ ಶಾವೊಶಿಂಗ್‌ನಲ್ಲಿ ಯಾವ ತಾಯಿಯೂ ಮಗುವಿನ ಹೆಸರನ್ನು ಕೆಂಪಿನಲ್ಲಿ ಬರೆಯುವುದಿಲ್ಲ. ಅರಸರ ಕಾಲದಲ್ಲಿ ತಲೆ ಹೋಗಬೇಕಾದವರ ಹೆಸರಿಗೆ ಬೀಳುತ್ತಿದ್ದದ್ದು ಕೆಂಪು ಕುಂಚದ ಗುರುತು.

ಯಾನ್ ಇಪ್ಪತ್ತು ವರ್ಷದಿಂದ ಬಟ್ಟೆಯ ಬಣ್ಣ ತಾಳೆ ನೋಡುವ ಮೇಸ್ತ್ರಿ. ಕೆಂಪಿನಲ್ಲೇ ಅರವತ್ತು ಬಗೆ ಬಲ್ಲ. ಇಷ್ಟು ಕೆಟ್ಟ ಕೆಂಪನ್ನು ಅವನು ಕಂಡಿರಲಿಲ್ಲ.

ಅಕ್ಷರಗಳು ಮೆಟ್ಟಿಲಿಂದ ಜಾರಿ ಬಿದ್ದವರಂತೆ ಕೈಕಾಲು ಚೆಲ್ಲಿಕೊಂಡಿದ್ದವು. ಅಂದಮೇಲೆ ಬರೆದದ್ದು ಮ್ಯಾನೇಜರ್ ಅನೆಲೀಸ್, ವಿಯೆನ್ನಾದಿಂದ ಬಂದು ಮೂರು ತಿಂಗಳಾದವಳು. ಕೇಳೋಣವೆಂದರೆ ಗಿರಾಕಿಗಳ ಜೊತೆ ಕೋಣೆಯ ಬಾಗಿಲು ಹಾಕಿಕೊಂಡಿದ್ದಳು. ದುಭಾಷಿ ರುವಾನ್ ಚಿಂಗ್ ಕೂಡ ಒಳಗೇ ಇದ್ದಳು. ಹಾಗಾಗಿ ಯಾನ್‌ನ ತಲೆಯಲ್ಲಿ ಒಂದೇ ಪ್ರಶ್ನೆ ಉಳಿಯಿತು: ಅವಳ ಊರಲ್ಲಿ ಕೆಂಪು ಅಂದರೆ ಏನು?

ಲೆಕ್ಕದ ವಿಭಾಗದ ಟೋಂಗ್‌ಗೆ ಶೇರುಪೇಟೆಯ ಹುಚ್ಚು. ಅವನನ್ನೇ ಕೇಳಿದ.

"ನಮ್ಮ ಪೇಟೆ ಹಲಗೇಲಿ ಕೆಂಪು ಅಂದ್ರೆ ಏರಿಕೆ, ಹಸಿರು ಅಂದ್ರೆ ಇಳಿತ," ಎಂದ ಟೋಂಗ್. "ಅವರ ಕಡೆ ತಿರುಗಾಮುರುಗಾ. ಅವಳು ಅವರ ಕಡೆಯವಳಲ್ವಾ?"

"ಅಂದ್ರೆ?"

"ಅಂದ್ರೆ ನೀನು ಇಳೀತಿದ್ದೀಯ, ಯಾನ್." ಹೀಗೆಂದವನು, ಬಣ್ಣ ತಾಳೆ ನೋಡುವ ದೀಪದ ಪೆಟ್ಟಿಗೆಯ ಪಕ್ಕದ ಮೇಸ್ತ್ರಿಯ ಮೆತ್ತನೆಯ ಕುರ್ಚಿ ಶುಕ್ರವಾರದ ಮೇಲೆ ಯಾರಿಗೆ ಹೋಗುತ್ತದೆ ಎಂದು ಮೆಲ್ಲಗೆ ವಿಚಾರಿಸಿದ.

ಅಡಿಗೆಮನೆಯ ಚ್ಯೂ ಅಕ್ಕನಿಗೆ ವಿದೇಶದ ಸುದ್ದಿ ತಿಳಿಯದು, ಗೋರಿಗಳ ವಿಷಯ ತಿಳಿದಿತ್ತು. ಅವಳ ಮಾವನ ಗೋರಿಕಲ್ಲಿನ ಮೇಲೆ ಅತ್ತೆಯ ಹೆಸರನ್ನೂ ಆಗಲೇ ಕೆತ್ತಿಸಿ, ಕೆಂಪು ಬಳಿಸಿದ್ದಾರಂತೆ. ಮುದುಕಿ ಇನ್ನೂ ಗಟ್ಟಿಮುಟ್ಟಾಗಿದ್ದಾಳೆ.

"ಹೆದರಬೇಡ ಕಣಯ್ಯಾ," ಎಂದು ಮೀನಿನ ಹೊಟ್ಟೆ ಸೀಳುತ್ತ ಸಮಾಧಾನ ಹೇಳಿದಳು. "ಕೆಂಪಲ್ಲಿದ್ರೆ ಇನ್ನೂ ಬದುಕಿದ್ದಾರೆ ಅಂತ. ಜಾಗ ಮಾತ್ರ ಕಾದಿರಿಸಿರ್ತಾರೆ."

ಹತ್ತೂವರೆಗೆ ಹೆಂಡತಿಯ ಫೋನು ಬಂತು. ಅವಳದು ಪೇಟೆಯಲ್ಲಿ ಕಾಲುಚೀಲದ ಅಂಗಡಿ; ಅಲ್ಲಿಗೆ ಸುದ್ದಿ ಒಯ್ದವನು ಗೇಟಿನ ಕಾವಲುಗಾರ. ಪಶ್ಚಿಮದವರಲ್ಲಿ ಕೆಂಪು ಅಂದರೆ ಪ್ರೀತಿ, ಅದಕ್ಕೇ ಕೆಂಪು ಗುಲಾಬಿ ಕೊಡುತ್ತಾರೆ ಎಂದು ಪಕ್ಕದಂಗಡಿಯವಳು ಅವಳಿಗೆ ವಿವರಿಸಿಯಾಗಿತ್ತು.

"ಹದಿನೆಂಟು ವರ್ಷದಲ್ಲಿ ನನ್ನ ಹೆಸರನ್ನ ಯಾವ ಬಣ್ಣದಲ್ಲಾದ್ರೂ ಎಲ್ಲಾದ್ರೂ ಬರೆದಿದ್ದೀಯಾ?" ಎಂದಷ್ಟೇ ಕೇಳಿ ಇಟ್ಟುಬಿಟ್ಟಳು.

ಹೀಗೆ ಊಟದ ಗಂಟೆ ಹೊಡೆಯುವಷ್ಟರಲ್ಲಿ ಯಾನ್ ಸಾಯುವುದು, ಕೆಲಸ ಕಳೆದುಕೊಳ್ಳುವುದು, ಆಸ್ಟ್ರಿಯಾದವಳ ಜೊತೆ ಓಡಿಹೋಗುವುದು ಮೂರೂ ಶುಕ್ರವಾರ ಹತ್ತು ಗಂಟೆಗೇ ನಿಗದಿಯಾಗಿದ್ದವು.

ಎಲ್ಲರೂ ಮೀನು ತಿನ್ನುವಾಗ ಅವನು ಒದ್ದೆ ಬಟ್ಟೆ ಹಿಡಿದು ಹಲಗೆಯ ಹತ್ತಿರ ಹೋದ. ತನ್ನ ಹೆಸರೊಂದನ್ನೇ ಅಳಿಸಿದರೆ ಯಾರೆಂದು ತಿಳಿದುಬಿಡುತ್ತದೆಂದು ಮೂಲೆಯಿಂದ ಎಲ್ಲವನ್ನೂ ಒರೆಸುತ್ತ ಬಂದ. ಹೆಸರಿನ ಹತ್ತಿರ ಬಂದು ನಿಂತ. ತನ್ನ ಹೆಸರನ್ನು ತಾನೇ ಅಳಿಸಿಕೊಳ್ಳುವುದು, ಕೆಂಪಿನಲ್ಲಿ ಬರೆಸಿಕೊಳ್ಳುವುದಕ್ಕಿಂತ ಕೆಟ್ಟದ್ದಲ್ಲವೇ? ಅಷ್ಟರಲ್ಲಿ ಕೋಣೆಯ ಬಾಗಿಲಿನ ಸದ್ದಾಯಿತು, ಅವನು ಓಡಿದ. ನೀರು, ಪಾಳಿ, ಮೀನು ಎಲ್ಲ ಅಳಿದು, ಬರಿಯ ಬಿಳಿಯ ನಡುವೆ ಅವನ ಹೆಸರೊಂದೇ ಮೊಟ್ಟೆಯೊಳಗಿನ ರಕ್ತದ ಚುಕ್ಕೆಯಂತೆ ಉಳಿಯಿತು. ನೀರು ಯಾವಾಗ ನಿಲ್ಲುತ್ತದೆಂದು ತಿಳಿಯದೆ ಎರಡನೇ ಪಾಳಿಯವರು ಒಂದು ತೊಟ್ಟಿ ನೀಲಿ ಬಣ್ಣವನ್ನು ಕೆಡಿಸಿದರು. ಅವರೂ ಬಂದು ಹಲಗೆಯ ಮೇಲಿದ್ದ ಹೆಸರಿನವನನ್ನೇ ಬೈದರು.

ಮೂರು ಗಂಟೆಗೆ ರುವಾನ್ ಚಿಂಗ್ ಬಿಸಿನೀರಿಗೆಂದು ಹೊರಗೆ ಬಂದಳು. ಯಾನ್ ಅವಳನ್ನು ಬಣ್ಣದ ಡಬ್ಬಗಳ ಸಂದಿಗೆ ಕರೆದ.

"ನೀನೇ ಹೋಗಿ ಹೇಳಬೇಕಮ್ಮ. ನಮ್ಮಲ್ಲಿ ಇದು ಏನು ಅಂತ ಅವಳಿಗೆ ಬಿಡಿಸಿ ಹೇಳು."

"ಯಾಕೆ ಬರೆದಿದ್ದಾರೆ ಅಂತ ಮೊದಲು ಕೇಳ್ಲಾ, ಮೇಸ್ತ್ರಿ?"

"ಕೇಳಬೇಡ. ಯಾಕಾದ್ರೂ ಇರಲಿ, ನನ್ನ ಹೆಸರು ಅಲ್ಲಿ ಬೇಡ. ಸಾಯಂಕಾಲದೊಳಗೆ ಅಳಿಸಿಸು, ಅಷ್ಟು ಸಾಕು."

ರುವಾನ್ ಒಳಗೆ ಹೋದಳು. ಅರ್ಧ ಗಂಟೆಯಾಯಿತು. ಗಾಜಿನಾಚೆ ಅನೆಲೀಸ್ ಏನೇನೋ ಕೇಳುತ್ತ ಬರೆದುಕೊಳ್ಳುತ್ತಿರುವುದು ಕಾಣುತ್ತಿತ್ತು. ನಡುವೆ ಒಮ್ಮೆ ಬಾಯಿಯ ಮೇಲೆ ಕೈಯಿಟ್ಟುಕೊಂಡಳು.

ಆಮೇಲೆ ಹೊರಗೆ ಬಂದು, ಬಟ್ಟೆ ಹುಡುಕುವಷ್ಟು ತಾಳ್ಮೆಯೂ ಇಲ್ಲದೆ, ತನ್ನ ಬಿಳಿ ಅಂಗಿಯ ತೋಳಿನಿಂದಲೇ ಹೆಸರನ್ನು ಒರೆಸಿದಳು. ಯಾನ್‌ನ ಮುಂದೆ ಬಂದು ತಲೆ ಬಾಗಿಸಿ, ಕಲಿತಿದ್ದಷ್ಟು ಚೀನೀ ಭಾಷೆಯಲ್ಲಿ ಹೇಳಿದಳು:

"ನನ್ನ ತಪ್ಪು. ನಿಮ್ಮಲ್ಲಿ ಕೆಂಪು ಶುಭ ಎಂದು ಪುಸ್ತಕದಲ್ಲಿ ಓದಿದ್ದೆ. ಹೆಸರಿಗೆ ಮಾತ್ರ ಆಗುವುದಿಲ್ಲ ಎಂದು ಅದರಲ್ಲಿ ಇರಲಿಲ್ಲ."

ಯಾನ್‌ಗೆ ಜೀವ ಬಂದಂತಾಯಿತು. ಗೇಟಿನಾಚೆ ಓಡಿ ಹತ್ತು ಕಿಲೋ ಕಿತ್ತಳೆ ತಂದು ಎಲ್ಲರಿಗೂ ಹಂಚಿದ. ಟೋಂಗ್ ಮಾತ್ರ ಕುರ್ಚಿಯನ್ನೊಮ್ಮೆ ನೋಡಿ, ಸಿಪ್ಪೆ ಸುಲಿಯುತ್ತ ಕೇಳಿದ: "ಶುಭ ಅಂದ್ಲಲ್ಲ. ಏನು ಶುಭ?"

ಯಾನ್‌ನ ಕೈಯಲ್ಲಿದ್ದ ಕಿತ್ತಳೆ ಹಾಗೇ ನಿಂತಿತು. ಅವನು ರುವಾನ್‌ಳ ಕಡೆ ತಿರುಗಿದ. ಅವಳು ನೆಲ ನೋಡುತ್ತಿದ್ದಳು.

"ವಿಯೆನ್ನಾ ಆಫೀಸಿಗೆ ಬಣ್ಣ ವಿಭಾಗದ ಮುಖ್ಯಸ್ಥರಾಗಿ ಇಲ್ಲಿಂದ ಒಬ್ಬರನ್ನ ಕಳಿಸ್ತಾರಂತೆ, ಮೇಸ್ತ್ರಿ. ಎರಡು ವರ್ಷಕ್ಕೆ, ಮನೆಯವರ ಸಮೇತ. ಶುಕ್ರವಾರ ಹತ್ತು ಗಂಟೆಗೆ ಎಲ್ಲರೆದುರು ನಿಮ್ಮ ಹೆಸರು ಹೇಳೋರಿದ್ರು."

"ಮತ್ತೆ ನೀನೇನು ಅಂದೆ?"

"ನೀವು ಹೇಳಿದ್ದನ್ನೇ. ಯಾಕಾದ್ರೂ ಇರಲಿ, ಹೆಸರು ಬೇಡ ಅಂದೆ. ಆಮೇಲೆ ಅವರು ನಮ್ಮಲ್ಲಿ ಬಿಳಿ ಅಂದ್ರೆ ಏನು ಅಂತ ಕೇಳಿದ್ರು, ಹೆಂಡತಿ ಕೈಕೊಟ್ಟ ಗಂಡನ ಹಸಿರು ಟೋಪಿ ಕೇಳಿದ್ರು, ಹಳದಿ ಕೇಳಿದ್ರು. ಎಲ್ಲಾ ಹೇಳಿದೆ. ಬಣ್ಣ ತಾಳೆ ನೋಡೋರು ಅಲ್ಲೂ ಇದ್ದಾರೆ, ತಪ್ಪು ಬಣ್ಣ ಕಂಡ್ರೆ ಬಾಯಿಬಿಟ್ಟು ಹೇಳೋರು ಬೇಕು ಅಂದ್ರು."

ಅಷ್ಟರಲ್ಲಿ ಅನೆಲೀಸ್ ಹಲಗೆಯ ಮೇಲೆ ಹೊಸ ಹೆಸರು ಬರೆದು ಮುಗಿಸಿದ್ದಳು: ರುವಾನ್ ಚಿಂಗ್, ಶುಕ್ರವಾರ, ಹತ್ತು ಗಂಟೆ. ಕಪ್ಪಿನಲ್ಲಿ. ಈ ಸಲ ತಪ್ಪಾಗಬಾರದೆಂದು ಯಾನ್‌ನನ್ನು ಹತ್ತಿರ ಕರೆದು, ವಿನಯದಿಂದ ಕೇಳಿದಳು:

"ಮೇಸ್ತ್ರಿಗಳೇ, ಬಣ್ಣ ಈಗ ಸರಿ ಇದೆಯೇ?"

ಇಡೀ ಕಾರ್ಖಾನೆ ಕಿತ್ತಳೆ ಅಗಿಯುವುದನ್ನು ನಿಲ್ಲಿಸಿ ನೋಡಿತು. ಯಾನ್ ಮೇಸ್ತ್ರಿ ಒಂದು ಹೆಜ್ಜೆ ಹಿಂದೆ ಸರಿದು, ಕತ್ತು ಓರೆ ಮಾಡಿ, ಒಂದು ಕಣ್ಣು ಮುಚ್ಚಿ ಪರೀಕ್ಷಿಸಿದ.

"ಸರಿ ಇದೆ," ಎಂದ.