ಹನ್ನೊಂದು ಮುಯ್ಯಾಳು, ಒಂದು ಚಿಪ್ಪುಹಂದಿ

ಕಾರ್ತಿಕ ಮುಗಿಯುತ್ತ ಬಂದಿತ್ತು. ತಾಳಗುಂದದ ಸುತ್ತಿನ ಗದ್ದೆಗಳಲ್ಲಿ ಭತ್ತ ಬಲಿತು ಬಾಗಿತ್ತು. ಇಬ್ಬನಿ ಆರುವ ಮೊದಲೇ ಎಲ್ಲ ಕಡೆ ಕುಡುಗೋಲಿನ ಸರಸರ ಸದ್ದು. ಎರಡು ದಿನದಿಂದ ಪಡುವಣದಲ್ಲಿ ಮೋಡ ಬೇರೆ ಕಟ್ಟುತ್ತಿತ್ತು.

ಸಣ್ಣಪ್ಪ ಹನ್ನೊಂದು ಮನೆಯ ಗದ್ದೆಗಳಿಗೆ ಹನ್ನೊಂದು ದಿನ ಮುಯ್ಯಾಳಾಗಿ ಹೋಗಿ ಕೊಯ್ದು ಬಂದಿದ್ದ. ಇವತ್ತು ಆ ಹನ್ನೊಂದು ಮನೆಯವರು ಮನೆಗೊಂದಾಳಿನಂತೆ ಅವನ ಗದ್ದೆಗೆ ಬಂದು ಮುಯ್ಯಿ ತೀರಿಸಬೇಕು. ಕೂಲಿಯಿಲ್ಲ, ಊಟ ಮಾತ್ರ. ಹೆಂಡತಿ ಹೂವಮ್ಮ ನಸುಕಿಗೇ ಎದ್ದು ರೊಟ್ಟಿ ತಟ್ಟಿ ಗುಡ್ಡೆ ಹಾಕಿದ್ದಳು. ಎಂಟಾದರೂ ಒಬ್ಬನೂ ಬರಲಿಲ್ಲ.

ಸಣ್ಣಪ್ಪ ನೆಟ್ಟಗೆ ಆ ಹನ್ನೊಂದರಲ್ಲಿ ಒಬ್ಬನಾದ ಮಹೇಶ್ವರಪ್ಪನ ಮನೆಗೆ ಹೋದ. ಊರಿನ ಸುದ್ದಿಯೆಲ್ಲ ಹುಟ್ಟುವುದು ಆ ಜಗುಲಿಯಲ್ಲೇ. ಉಳಿದ ಹತ್ತು ಜನವೂ ಅಲ್ಲಿ ಕೂತು ಒಂದೇ ಫೋನಿನೊಳಗೆ ತಲೆ ತೂರಿಸಿದ್ದರು. ಅವನನ್ನು ಕಂಡದ್ದೇ ಹಾವು ಕಂಡ ಕೋಳಿಗಳಂತೆ ಗೋಡೆಗೆ ಸರಿದರು.

"ಅಲ್ಲೇ ನಿಲ್ಲು ಸಣ್ಣಪ್ಪ," ಎಂದ ಮಹೇಶ್ವರಪ್ಪ. "ನೀನು ಹೊಂಡದಿಂದ ಎತ್ತಿದ್ಯಲ್ಲ, ಆ ಪ್ರಾಣಿ ವಿಡಿಯೊ ಬಂದೈತಿ. ಅಮೆರಿಕದಾಗ ಅದನ್ನ ಮುಟ್ಟಿದೋರಿಗೆ ಕುಷ್ಠ ಬಂದೈತಂತೆ."

ಹದಿನೈದು ದಿನದ ಹಿಂದೆ ಸಣ್ಣಪ್ಪನ ಕೃಷಿಹೊಂಡಕ್ಕೆ ಚಿಪ್ಪುಹಂದಿಯೊಂದು ಬಿದ್ದಿತ್ತು. ಮುಟ್ಟಿದ ಕೂಡಲೇ ಚೆಂಡಿನಂತೆ ಸುತ್ತಿಕೊಂಡ ಅದನ್ನು ಅವನು ಹಲಸಿನಕಾಯಿ ಹೊತ್ತವನಂತೆ ಎದೆಗವಚಿಕೊಂಡು ಹೋಗಿ ಕಾನುಕಾಡಿನ ಅಂಚಿಗೆ ಬಿಟ್ಟು ಬಂದಿದ್ದ. ಈಗ ಗೋಡೆಗೆ ಅಂಟಿದವರೆಲ್ಲ ಅವತ್ತು ಅವನ ಹಿಂದೆ ಮೆರವಣಿಗೆ ಬಂದಿದ್ದರು.

"ನಾ ಎತ್ತಿದ್ದು ಚಿಪ್ಪುಹಂದಿ. ಇದು ಯಾವ್ದೋ ಬೇರೆ," ಎಂದ ಸಣ್ಣಪ್ಪ, ಅವರು ದೂರದಿಂದಲೇ ತೋರಿಸಿದ ವಿಡಿಯೊ ನೋಡಿ.

"ಮೈಮ್ಯಾಲೆ ಚಿಪ್ಪೈತಿ, ಮೂತಿ ಚೂಪೈತಿ. ಇನ್ನೇನು ಅದರ ಆಧಾರ್ ಕಾರ್ಡ್ ತರ್ಬೇಕಾ? ನಿನ್ನ ಕೈಮ್ಯಾಲಿನ ಬಿಳಿ ಮಚ್ಚೆ ಎಲ್ಲಿಂದ ಬಂತು, ಹೇಳು."

ಮಚ್ಚೆ ಇದ್ದದ್ದು ನಿಜ. ಸಣ್ಣಪ್ಪನ ನೆತ್ತಿ ಕಾದ ಹಂಚಾಯಿತು. "ಇದೇ ಕೈಲಿ ನಿಮ್ಮ ಗದ್ದಿ ಕೊಯ್ದಿದ್ದು. ಆಗ ಮಚ್ಚೆ ಕಾಣ್ಲಿಲ್ಲೇನು?"

"ಆಗ ವಿಡಿಯೊ ಬಂದಿರ್ಲಿಲ್ಲ," ಎಂದ ಮಹೇಶ್ವರಪ್ಪ, ಬಹಳ ಸಮಾಧಾನದಿಂದ.

ಸಣ್ಣಪ್ಪ ಕಾಲು ಅಪ್ಪಳಿಸುತ್ತ ಬೀದಿಗಿಳಿದ. ಡೇರಿಯಲ್ಲಿ ಅವನ ಹಾಲಿನ ಕ್ಯಾನನ್ನು ಯಾರೂ ಮುಟ್ಟದೆ ಹೊರಗೇ ಬಿಟ್ಟಿದ್ದರು. ಅಂಗಡಿಯ ರಮಾಬಾಯಿ ಎಲೆ ಅಡಿಕೆಯನ್ನು ಮೊರದಲ್ಲಿಟ್ಟು ಕೋಲಿನಿಂದ ಅವನತ್ತ ದೂಡಿದಳು. ಅವನು ಮೊರವನ್ನು ಒದ್ದು, ಆಶಾ ಕಾರ್ಯಕರ್ತೆ ನಾಗಶ್ರೀಯ ಮನೆಗೆ ಹೋಗಿ, ತಲೆ ಬಾಚುತ್ತಿದ್ದವಳನ್ನು ಅರ್ಧ ಜಡೆಯಲ್ಲೇ ಮಹೇಶ್ವರಪ್ಪನ ಜಗುಲಿಗೆ ಕರೆತಂದ.

"ಅಣ್ಣ, ಕಣ್ಣು ಮುಚ್ರಿ," ಎನ್ನುತ್ತ ನಾಗಶ್ರೀ ಬಾಲ್‌ಪೆನ್ನಿನ ತುದಿಯನ್ನು ಮಚ್ಚೆಗೆ ಸೋಕಿಸಿದಳು. "ಎಲ್ಲಿ ಮುಟ್ದೆ?"

ಹತ್ತು ಸಲ ಮುಟ್ಟಿದಳು. ಹತ್ತು ಸಲವೂ ಸಣ್ಣಪ್ಪ ಸಿಟ್ಟಿನಲ್ಲಿ ಸರಿಯಾದ ಜಾಗ ತೋರಿಸಿದ.

"ಸ್ಪರ್ಶ ಪೂರಾ ಐತಿ. ಚಿಬ್ಬು ಇರ್ಬೇಕು, ಡಾಕ್ಟ್ರಿಗೆ ತೋರ್ಸಿ ಮುಲಾಮು ತಗೊಳ್ರಿ. ಕುಷ್ಠದ ಮಚ್ಚೆ ಆದ್ರೆ ಮುಟ್ಟಿದ್ದು ಸರಿಯಾಗಿ ತಿಳಿಯಲ್ಲ. ಆಗಿದ್ರೂ ಏನ್ರೀ? ಪುಕ್ಕಟೆ ಮಾತ್ರೆ ಐತಿ, ವಾಸಿ ಆಗ್ತೈತಿ. ಕೂಡೆ ಗದ್ದಿ ಕೊಯ್ದ ಮಾತ್ರಕ್ಕೆ ಅಂಟಲ್ಲ."

"ಮತ್ತೆ ಆ ಪ್ರಾಣಿ?" ಎಂದು ಮಹೇಶ್ವರಪ್ಪ ವಿಡಿಯೊವನ್ನು ಅವಳ ಮುಂದೆ ಹಿಡಿದ.

"ಅದು ಆರ್ಮಡಿಲ್ಲೊ, ಅಮೆರಿಕದ ಕಡೇದು. ಅದರ ಮೈ ತಂಪು. ಆ ರೋಗಾಣುವಿಗೂ ತಂಪೇ ಬೇಕು, ಅದಕ್ಕೇ ಅದರ ಮೈಯಾಗ ನೆಲೆ ಮಾಡೈತಿ. ಮೊದ್ಲು ಅದಕ್ಕೆ ಹತ್ತಿದ್ದೇ ಮನುಷ್ಯರಿಂದ ಅಂತಾರೆ. ಅದರ ಬೆನ್ನಿಗೆ ಮೂಳೆ ಪದರ. ನಮ್ಮ ಚಿಪ್ಪುಹಂದಿಗೆ ಉಗುರಿನಂಥ ಚಿಪ್ಪು, ಬಾಯಾಗ ಹಲ್ಲೇ ಇಲ್ಲ, ಇರುವೆ ಗೆದ್ದಲು ನೆಕ್ಕಿ ಬದುಕ್ತೈತಿ. ಎರಡಕ್ಕೂ ನೆಂಟಸ್ತನ ಇಲ್ಲ."

"ಕೇಳಿದ್ರಾ? ಅಲ್ಲೂ ಅಂಟಿಸಿದೋರು ಮನುಷ್ಯರೇ," ಎಂದು ಗುಡುಗಿದ ಸಣ್ಣಪ್ಪ.

ಮಹೇಶ್ವರಪ್ಪ ಮೀಸೆ ತೀಡಿದ. "ಆತು. ನೀನು ಎತ್ತಿದ್ದು ಚಿಪ್ಪುಹಂದೀನೇ ಅಂತ ಫೋನಿನ ಮುಂದೆ ಹೇಳು, ಊರಿನ ವಾಟ್ಸಾಪ್ ಗ್ರೂಪಿಗೆ ಹಾಕ್ತೀನಿ. ಊರಿಗೆಲ್ಲ ಧೈರ್ಯ ಬರ್ಲಿ."

ಸಣ್ಣಪ್ಪ ಫೋನನ್ನೇ ಕಚ್ಚುವವನಂತೆ ಬಾಯಿ ತೆರೆದ. "ನಾನು ಸಣ್ಣಪ್ಪ. ನಾ ಈ ಎರಡು ಕೈಲಿ ಹಿಡ್ಕೊಂಡು ಹೋಗಿದ್ದು ಚಿಪ್ಪುಹಂದೀನೇ. ಈ ಹನ್ನೊಂದು ಜನ ಕಣ್ಣಾರೆ ನೋಡ್ಯಾರ. ಅಲ್ಲ ಅನ್ನೋನು ನನ್ನೆದುರಿಗೆ ಬರ್ಲಿ."

ಮಾತು ಗ್ರೂಪಿಗೆ ಹೋಯಿತು. ಜನ ಗದ್ದೆಗಿಳಿದರು. ಒಬ್ಬೊಬ್ಬರು ನಾಲ್ಕು ಹಿಡಿ ಕೊಯ್ದಿರಬಹುದು, ದಾರಿಯಲ್ಲಿ ಜೀಪು ನಿಂತಿತು. ಅರಣ್ಯ ಇಲಾಖೆಯ ಗಾರ್ಡು ಫೋನು ಹಿಡಿದು ಇಳಿದ. ಊರಿನ ಗ್ರೂಪಿನಲ್ಲಿ ಅವನೂ ಇದ್ದ.

"ಸಣ್ಣಪ್ಪ ಯಾರ್ರೀ? ಚಿಪ್ಪುಹಂದಿ ಅಂದ್ರೆ ಕಾನೂನಿನಾಗ ಹುಲಿ ಸಾಲಿನ ಪ್ರಾಣಿ, ಹಿಡಿದ್ರೆ ಜೈಲು. ಬಿಟ್ರೋ ಮಾರಿದ್ರೋ ನಮಗೆ ಹೆಂಗೆ ಗೊತ್ತಾಗ್ಬೇಕು?"

ಸಣ್ಣಪ್ಪ ಕುಡುಗೋಲು ಕೆಳಗಿಟ್ಟ. "ಸಾರ್, ಅದು ಚಿಪ್ಪುಹಂದಿ ಅಲ್ಲ. ಆರ್ಮಡಿಲ್ಲೊ. ಅಮೆರಿಕದ್ದು."

"ಅಮೆರಿಕದಿಂದ ತರಿಸಿದ್ರಾ? ಹಂಗಾದ್ರೆ ಅದು ಇನ್ನೂ ದೊಡ್ಡ ಕೇಸು."

ಬಿಟ್ಟ ಜಾಗದ ಮಹಜರು ಆಗಬೇಕಾಯಿತು. ನೋಡಿದವರು ಹನ್ನೊಂದು ಜನ ಎಂದು ಸಣ್ಣಪ್ಪನೇ ಸಾರಿದ್ದರಿಂದ ಅಷ್ಟೂ ಜನರನ್ನು ಜೀಪಿಗೆ ತುರುಕಿದರು. ಕಾನಿನ ಅಂಚಿನಲ್ಲಿ ಗೆದ್ದಲಹುತ್ತವನ್ನು ಆಗಷ್ಟೇ ಬಗೆದ ಉಗುರಿನ ಗುರುತು ಸಿಕ್ಕಿತು. ಪ್ರಾಣಿ ಬದುಕಿದೆ ಎಂದಾಯಿತು, ಕೇಸಾಗಲಿಲ್ಲ. ಆದರೆ ಟೇಪು ಹಿಡಿದು, ನಕ್ಷೆ ಬರೆದು, ಹನ್ನೊಂದು ಸಹಿ ಬೀಳುವ ಹೊತ್ತಿಗೆ ಸೂರ್ಯ ಇಳಿದಿದ್ದ.

ಹಿಂದಿರುಗಿದವರು ಹಸಿದ ಹಿಂಡಿನಂತೆ ಹೂವಮ್ಮನ ರೊಟ್ಟಿಯ ಮೇಲೆ ಬಿದ್ದರು. ಕೈ ತೊಳೆದ ಮಹೇಶ್ವರಪ್ಪ ತೃಪ್ತಿಯಿಂದ ತೇಗಿದ.

"ಅಂತೂ ನಿನ್ನ ಮುಯ್ಯಿ ತೀರ್ತು, ಸಣ್ಣಪ್ಪ."

"ಎಲ್ಲಿ ತೀರ್ತು? ಒಂದು ಹೊರೆ ಭತ್ತ ಆಗಿಲ್ಲ."

"ನಿನ್ನ ಕೆಲಸಕ್ಕೆ ಬಂದ್ವಿ. ಹೊತ್ತು ಮುಳುಗೋತನಕ ನಿನ್ನ ಕೆಲಸದಾಗೇ ಇದ್ವಿ. ನಿನ್ನ ಮನೆ ಊಟ ಉಂಡ್ವಿ. ಕೊಯ್ಲು ಮಾಡಿಸ್ದೆಯೋ ಸಾಕ್ಷಿ ಹಾಕಿಸ್ದೆಯೋ, ಅದು ನಿನ್ನಿಷ್ಟ."

ಹತ್ತು ತಲೆಗಳು ಹೌದೆಂದು ಆಡಿದವು.

"ಬೇಕಾದ್ರೆ ನಾಳೆ ಮತ್ತೆ ಬರ್ತೀವಪ್ಪ," ಎಂದ ಮಹೇಶ್ವರಪ್ಪ ಮರುಕದಿಂದ. "ಆಮೇಲೆ ನೀನು ನಮಗೆ ಹನ್ನೊಂದು ದಿನ ತೀರ್ಸಿದ್ರಾತು."

ಸಣ್ಣಪ್ಪ ಅವನನ್ನು ನೋಡಿದ, ಮೋಡ ನೋಡಿದ, ನಿಂತ ಭತ್ತ ನೋಡಿದ.

"ಏಳಕ್ಕೇ ಬರ್ರಿ," ಎಂದ ಹಲ್ಲು ಕಚ್ಚಿ.